ಅಮ್ಮನಿಗೆ ಮೀಸೆ

ಐಜ್ವಾಲಿನಿಂದ ಹೊರಟವರು ಏಳು ಜನ,
ಒಂದು ಗಿಟಾರು, ನಲವತ್ತು ವರ್ಕ್‌ಬುಕ್ಕು,
ಎದೆಗೆ ಪಾರಿವಾಳ ಅಚ್ಚಾದ ಹಳದಿ ಟೀ ಶರ್ಟು.
ಆರು ವಾರ ಇಂಗ್ಲಿಷು ಕಲಿಸುವುದು,
ಯೇಸುವಿನ ಮಾತು, ಅವರಾಗಿ ಕೇಳಿದರೆ ಮಾತ್ರ.
ಹಾಗಂತ ತಂಡದ ಹಿರಿಯರು, ಪು ಝೋಥನ್‌ಮಾವಿಯಾ,
ಮೂರು ವಿಮಾನಗಳಲ್ಲಿ ಮೂರು ಸಲ ಹೇಳಿದರು.

ಜಾರ್ಜಿಯಾ. ತ್ಸ್ಖಾಲ್ತುಬೊ ಎಂಬ ಊರು.
ಹೆಸರು ನಾಲಿಗೆಗೆ ಪಳಗಲು ಒಂದು ವಾರ ಹಿಡಿಯಿತು.
ಬೆಚ್ಚನೆ ನೀರಿನ ಬುಗ್ಗೆ; ಒಂದು ಕಾಲಕ್ಕೆ
ಮಾಸ್ಕೋದ ದೊಡ್ಡವರು ಕೀಲುನೋವು ಹೊತ್ತು ತಂದು
ಇಲ್ಲಿ ನೆನೆಹಾಕಿ ಹೋಗುತ್ತಿದ್ದರಂತೆ.
ಅವರ ಅಮೃತಶಿಲೆಯ ಸ್ಯಾನಟೋರಿಯಮ್ಮಿನಲ್ಲಿ ಈಗ
ಯುದ್ಧಕ್ಕೆ ಅಬ್ಖಾಝಿಯಾ ಬಿಟ್ಟು ಬಂದವರು,
ಮೂರು ತಿಂಗಳಿಗೆಂದು ಬಂದು ಮೂವತ್ತು ವರ್ಷ.
ನೃತ್ಯದ ಹಾಲಿನ ನೆಲ ಸೀಳಿ ಅಂಜೂರದ ಗಿಡ.
ಕಂಬದಿಂದ ಕಂಬಕ್ಕೆ ಒಗೆದ ಬಟ್ಟೆ,
ಅದರ ನೆರಳಲ್ಲಿ ನಮ್ಮ ತರಗತಿ.

ನನ್ನ ಇಂಗ್ಲಿಷೂ ಕಡ ತಂದದ್ದೇ.
‘ದ’ ಎಲ್ಲಿ, ‘ಎ’ ಎಲ್ಲಿ, ಈಗಲೂ ಎಡವುತ್ತೇನೆ.
ಮಕ್ಕಳಿಗೆ ಗೊತ್ತಾಗಲಿಲ್ಲ, ಪುಣ್ಯ.

ಮೂರನೆಯ ದಿನ, ಪುಟ ಹನ್ನೊಂದು:
ಏಪ್ರನ್ ತೊಟ್ಟ ಹೆಂಗಸು, ಕೈಯಲ್ಲಿ ಕೇಕು.
ದಿಸ್ ಈಸ್ ಮೈ ಮಾಮಾ, ಎಂದೆ.
ತರಗತಿಗೆ ತರಗತಿಯೇ ಬಿದ್ದು ಬಿದ್ದು ನಕ್ಕಿತು.
ಟೋರ್ನಿಕೆ ಮಾತ್ರ ನಗದೆ, ಪೆನ್ಸಿಲಿಗೆ ಎಂಜಲು ಹಚ್ಚಿ
ಆ ಹೆಂಗಸಿಗೊಂದು ಹುರಿ ಮೀಸೆ ಬರೆದ.
ಆಮೇಲೆ ಗ್ವಾಂತ್ಸಾ ಬಿಡಿಸಿ ಹೇಳಿದಳು:
ಇಲ್ಲಿ ಮಾಮಾ ಎಂದರೆ ಅಪ್ಪ. ಅಮ್ಮ ಎಂದರೆ ದೇದಾ.

ನಿನ್ನ ದೇದಾ ಎಲ್ಲಿ, ಎಂದೆ ಮೀಸೆ ಬರೆದವನಿಗೆ,
ಹೊಸ ಪದ ಕೈಗೆ ಸಿಕ್ಕ ಉಮೇದಿನಲ್ಲಿ.
ಇಟಲಿ.
ಬಾರಿ ಎಂಬಲ್ಲಿ ಯಾರದೋ ಅಜ್ಜಿಗೆ ಸ್ನಾನ ಮಾಡಿಸುತ್ತಾಳಂತೆ.
ಮಾಮಾ?
ಭುಜ ಕುಣಿಸಿದ.
ಮೀಸೆ ಅಳಿಸು ಎಂದು ನಾನು ಹೇಳಲಿಲ್ಲ.

ಟೋರ್ನಿಕೆಯ ಬೆಬಿಯಾ, ಅಜ್ಜಿ ತ್ಸಿಯಾಲಾ,
ನಮ್ಮನ್ನು ನಂಬಲೇ ಇಲ್ಲ.
ಗೋಡೆಯ ಸಂತರ ಪಟಗಳತ್ತ ಕೈ ಬೀಸಿ ಗದರಿದಳು:
‘ಅವನು ಈ ನಾಡಿಗೆ ಬಂದು ಸಾವಿರದೇಳುನೂರು ವರ್ಷ.
ನೀವು ಯಾರಿಗೆ ಯಾರ ವಿಳಾಸ ಕೊಡಲು ಬಂದಿರಿ?’
ನನ್ನ ಮುತ್ತಜ್ಜ ಆ ಹೆಸರು ಮೊದಲು ಕೇಳಿದ್ದು
ನೂರು ಚಿಲ್ಲರೆ ವರ್ಷದ ಕೆಳಗೆ, ಒಂದು ಬಿದಿರ ಸೇತುವೆಯ ಮೇಲೆ.
ಹೇಳಿದೆ. ಮೇಲಿಂದ ಕೆಳಗೆ ನೋಡಿದಳು.
‘ಅಯ್ಯೋ, ಎಳೆಗೂಸು ನೀನು’ ಎಂದು
ರಾಜ್ಮಾ ತುಂಬಿದ ರೊಟ್ಟಿ ಮುರಿದು ತಟ್ಟೆಗೆ ಹಾಕಿದಳು.
ಪ್ರಾರ್ಥನೆಯೂ ಅವಳದೇ: ಮಾಮಾವೋ ಚ್ವೆನೋ...
ಮಾಮಾ! ಅದೊಂದು ಪದ ತಿಳಿಯಿತು ನನಗೆ.
ಪಕ್ಕದಲ್ಲಿ ಟೋರ್ನಿಕೆ ಕಣ್ಣು ಮುಚ್ಚಿರಲಿಲ್ಲ.
ನಾನು ಮುಚ್ಚಿದ್ದರೆ ತಾನೇ ಗದರುವುದು.

ಐದನೆಯ ವಾರ, ಕಾಲಗಳು.
ಬರುತ್ತಾಳೆ. ಬರುತ್ತಿದ್ದಾಳೆ. ಬರಲಿದ್ದಾಳೆ.
ಟೋರ್ನಿಕೆ ಕೈಯೆತ್ತಿದ:
ಇದರಲ್ಲಿ ಎಲ್ಲಕ್ಕಿಂತ ಬೇಗ ಬರುವುದು ಯಾವುದು?
ಬರುತ್ತಿದ್ದಾಳೆ, ಎಂದೆ.
ವ್ಯಾಕರಣದ ಮಟ್ಟಿಗೆ ಅದು ಸುಳ್ಳಲ್ಲ.

ಕೊನೆಯ ದಿನ ಸರ್ಟಿಫಿಕೇಟು, ಫೋಟೋ, ಗಿಟಾರು.
ಸಭೆಗೆ ಕಳಿಸುವ ವರದಿಯಲ್ಲಿ
‘ಎಷ್ಟು ಜನರ ಹೃದಯ ಮುಟ್ಟಿತು’ ಎಂಬ ಖಾನೆ.
ಪು ಝೋಥನ್‌ಮಾವಿಯಾ ಪೆನ್ನು ಕಚ್ಚುತ್ತ ಕೂತಿದ್ದು
‘ಹವೆ ಚೆನ್ನಾಗಿತ್ತು’ ಎಂದು ಬರೆದರು.

ಅಜ್ಜಿ ಕೊಟ್ಟಿದ್ದು ಹುಳಿ ಪ್ಲಮ್ಮಿನ ಗೊಜ್ಜು,
ಬಾಟಲಿಯ ಬಾಯಿಗೆ ಬಟ್ಟೆ ಬಿಗಿದು.
ಮರೆತು ಕೈಚೀಲದಲ್ಲೇ ಇಟ್ಟಿದ್ದೆ.
ಕುತೈಸಿಯ ವಿಮಾನ ನಿಲ್ದಾಣದಲ್ಲಿ ತಪಾಸಣೆಯವನು ಎತ್ತಿ ಹಿಡಿದ:
ದ್ರವ. ಬಿಡಲಾಗದು.
ಬಟ್ಟೆ ಬಿಚ್ಚಿ ಮೂಸಿದ.
ಯಾರು ಮಾಡಿದ್ದು?
ಬೆಬಿಯಾ, ಎಂದೆ.
ಅವನು ಕಸದ ಡಬ್ಬಿ ದಾಟಿಸಿ ಬಾಟಲಿಯನ್ನು
ತನ್ನ ಊಟದ ಪೊಟ್ಟಣದ ಪಕ್ಕ ಇಟ್ಟುಕೊಂಡ.